ನಾಲ್ಕನೇ ಮಾತುಗಾರ್ತಿ

ಷೆಡ್ಡೆಲ್ ಊರಿನ ಗೆಸೀನಾ ಹೆಮ್ಕೆನ್‌ಗೆ ಬಾಯಿ ಸಡಿಲ ಎಂದು ಐವತ್ತಾರು ವರ್ಷ ಯಾರೂ ಹೇಳಿರಲಿಲ್ಲ. ಮಾತು ಬಲ್ಲವಳು ಎನ್ನುತ್ತಿದ್ದರು, ಅದು ಬೇರೆ. ಮೂರು ಬಟ್ಟಲು ಚಹಾ ಮುಗಿಯುವಷ್ಟರಲ್ಲಿ ಹಂದಿ ಕಡಿದ ದಿನದ ಗಲಾಟೆಯಿಂದ ಹಿಡಿದು ಪಾದ್ರಿಯ ಅಡುಗೆಯವಳ ಮೂತಿಯವರೆಗೆ ಎಲ್ಲವನ್ನೂ ಆಡಿ ತೋರಿಸಬಲ್ಲಳು. ಆಡಬಾರದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲೂ ಬಲ್ಲಳು. ಇಂಥವಳನ್ನು ಕೆಡವಲು ಒಬ್ಬ ಓದಿದವನೇ ಬರಬೇಕಾಯಿತು.

ಜರ್ಮನರ ನಾಡಿನ ಉತ್ತರಕ್ಕಿರುವ ನಮ್ಮ ಸೇಲ್ಟರ್‌ಲಾಂಡಿನಲ್ಲಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಬರೀ ಗುಣವಲ್ಲ, ಕೆಲಸ. ಸುತ್ತ ಕೆಸರುನೆಲ, ನಡುವೆ ಉದ್ದಕ್ಕೆ ಮರಳಿನ ದಿಣ್ಣೆ, ದಿಣ್ಣೆಯ ಮೇಲೆ ಮೂರು ಊರು. ಪ್ರತಿ ಮನೆಗೂ ಒಂದು ಮೊದಲ ನೆರೆಮನೆ ಎಂದು ಅಜ್ಜಂದಿರ ಕಾಲದಲ್ಲೇ ಗೊತ್ತಾಗಿದೆ. ಹೆರಿಗೆಯಾದರೆ ಮೊದಲು ಓಡಿ ಬರುವವರು ಅವರು. ಮದುವೆಯಾದರೆ ಬಾಗಿಲಿಗೆ ಹಸಿರು ಕಮಾನು ಕಟ್ಟುವವರು ಅವರು. ಸಾವಾದರೆ ಗೋಡೆ ಗಡಿಯಾರ ನಿಲ್ಲಿಸಿ, ಹೆಣ ತೊಳೆದು, ಮನೆಮನೆಯ ಬಾಗಿಲಿಗೆ ಹೋಗಿ ಸುದ್ದಿ ಹೇಳುವವರೂ ಅವರೇ. ಗಂಡಸಿಗೆ ಗಂಡಸರು, ಹೆಂಗಸಿಗೆ ಹೆಂಗಸರು. ಸತ್ತವರ ಸ್ವಂತ ಮಕ್ಕಳು ಹೆಣ ತೊಳೆಯುವಂತಿಲ್ಲ, ಅತ್ತುಕೊಂಡಿದ್ದರೆ ಸಾಕು. ತೊಳೆದವರು ಅಲ್ಲಿ ಏನು ಕಂಡರೂ, ಹುಣ್ಣಾಗಲಿ, ಬಾಸುಂಡೆಯಾಗಲಿ, ಕಂಡದ್ದನ್ನು ತೊಳೆದ ನೀರಿನ ಜೊತೆಗೇ ಚೆಲ್ಲಿ ಬರಬೇಕು.

ಹೆಮ್ಕೆನ್ ಮನೆಗೆ ಮೊದಲ ನೆರೆ ಆಲ್ಹೈಡಳ ಮನೆ, ಆಲ್ಹೈಡಳ ಮನೆಗೆ ಹೆಮ್ಕೆನ್ ಮನೆ. ಗೆಸೀನಾ ಇಪ್ಪತ್ತೆರಡನೆಯ ವಯಸ್ಸಿಗೆ ಮದುವೆಯಾಗಿ ಆ ಮನೆ ಹೊಕ್ಕ ದಿನ ಬಾಗಿಲಿನ ಕಮಾನು ಕಟ್ಟಿದವಳು ಆಲ್ಹೈಡ್. ಆಲ್ಹೈಡಳ ಮೂರೂ ಹೆರಿಗೆಗೆ ಬಿಸಿನೀರು ಹಿಡಿದು ನಿಂತವಳು ಗೆಸೀನಾ. ಮಧ್ಯಾಹ್ನ ನಾಲ್ಕಕ್ಕೆ ಇಬ್ಬರಲ್ಲಿ ಯಾರಾದರೊಬ್ಬರು ಬೇಲಿ ದಾಟಬೇಕು, ಚಹಾಕ್ಕೆ ಕಲ್ಲುಸಕ್ಕರೆ ಹಾಕಬೇಕು, ಅದು ಕರಗುವ ಚಿಟಿಪಿಟಿ ಕೇಳುತ್ತ ಮಾತು ಶುರುವಾಗಬೇಕು. ಅವರಿಬ್ಬರ ನಡುವೆ ಜಗಳವಾಗಿರಲಿಲ್ಲ ಎಂದಲ್ಲ. ಒಮ್ಮೆ ಒಂದು ಹುಂಜದ ವಿಷಯಕ್ಕೆ ಎರಡು ವಾರ ಮಾತು ಬಿಟ್ಟಿದ್ದರು. ಆಗಲೂ ನಾಲ್ಕಕ್ಕೆ ಎದುರುಬದುರು ಕೂತು ಚಹಾ ಕುಡಿದು, ತುಟಿ ಬಿಚ್ಚದೆ ಎದ್ದು ಹೋಗುತ್ತಿದ್ದರು.

ಮಾತೆಂದರೆ ನಮ್ಮ ಸೇಲ್ಟರ್ ಮಾತು. ಜರ್ಮನ್ ಅಲ್ಲ, ಸುತ್ತಲಿನ ಊರುಗಳವರು ಆಡುವ ಪ್ಲಾಟ್ ಕೂಡ ಅಲ್ಲ. ಜಗತ್ತಿನಲ್ಲಿ ಇದನ್ನು ಆಡುವವರು ಎರಡು ಸಾವಿರ ಜನ, ಅವರೆಲ್ಲ ಈ ದಿಣ್ಣೆಯ ಮೇಲೆಯೇ. ಗೆಸೀನಾಳ ಮಕ್ಕಳು ಚಿಕ್ಕವರಿದ್ದಾಗ ಶಾಲೆಯ ಮೇಷ್ಟ್ರು ಮನೆಗೆ ಬಂದು, ಮಕ್ಕಳ ಜೊತೆ ಜರ್ಮನ್ನಿನಲ್ಲೇ ಮಾತಾಡಿ, ಇಲ್ಲದಿದ್ದರೆ ದಡ್ಡರಾಗುತ್ತಾರೆ ಎಂದು ಹೆದರಿಸಿ ಹೋಗಿದ್ದರು. ಅವಳು ಹಾಗೇ ಮಾಡಿದಳು. ಮಕ್ಕಳು ಜಾಣರಾಗಿ ಓಲ್ಡೆನ್‌ಬುರ್ಗ್ ಪಟ್ಟಣ ಸೇರಿದರು. ಭಾನುವಾರ ಬಂದರೆ ಅಮ್ಮನ ಜೊತೆ ಪತ್ರಿಕೆ ಓದಿದ ಹಾಗೆ ಮಾತಾಡುತ್ತಿದ್ದರು. ಗಂಡ ಬೆರೆಂಡ್ ಒಳ್ಳೆಯವನೇ. ಚರ್ಚಿನಲ್ಲಿ ಆಣೆಯಿಟ್ಟು ಕುಡಿತ ಬಿಟ್ಟಿದ್ದ, ಅದು ಗೆಸೀನಾ ಊರಿಗೆಲ್ಲ ಹೇಳಿಕೊಂಡು ತಿರುಗಿದ ಹೆಮ್ಮೆ. ಆದರೆ ಅವನು ದಿನಕ್ಕೆ ಆಡುತ್ತಿದ್ದುದು ಹತ್ತು ಮಾತು, ಅದರಲ್ಲಿ ಎಂಟು ಹಸುವಿಗೆ. ಹಾಗಾಗಿ ತನ್ನ ಮಾತಿನಲ್ಲಿ ಮನಸ್ಸು ಬಿಚ್ಚಲು ಅವಳಿಗೆ ಉಳಿದವಳು ಆಲ್ಹೈಡ್ ಒಬ್ಬಳೇ. ಆಲ್ಹೈಡ್ ಇಲ್ಲವಾದರೆ ಅವಳ ನಾಲಿಗೆಗೂ ಕೆಲಸವಿಲ್ಲ.

ಆದರೆ ಆಲ್ಹೈಡಳಿಗೆ ಹೇಳಲಾಗದ ಒಂದು ವಿಷಯವಿತ್ತು. ಅದನ್ನು ಗೆಸೀನಾ ಇಪ್ಪತ್ತೇಳು ವರ್ಷ ಹೊತ್ತಿದ್ದಳು.

ಸಾವಿರದ ಒಂಬೈನೂರ ಎಪ್ಪತ್ತೈದರ ವಸಂತದಲ್ಲಿ ಡಾಕ್ಟರ್ ಆಂಬ್ರೋಸ್ ಬಂದ. ಮದ್ದಿನ ಡಾಕ್ಟರ್ ಅಲ್ಲ, ಮಾತಿನ ಡಾಕ್ಟರ್. ದಕ್ಷಿಣದ ಯಾವುದೋ ವಿಶ್ವವಿದ್ಯಾಲಯದವನು, ಮೂವತ್ತು ದಾಟಿರಲಿಲ್ಲ, ಉದ್ದ ಕತ್ತು, ಕೈಯಲ್ಲಿ ಸೂಟ್‌ಕೇಸಿನಷ್ಟು ದೊಡ್ಡ ಟೇಪ್ ರೆಕಾರ್ಡರ್. ಇಂಥವರು ಮೊದಲೂ ಬಂದಿದ್ದರು, ಜರ್ಮನ್ನಿನಲ್ಲಿ ಪ್ರಶ್ನೆ ಕೇಳಿ, ಬರೆದುಕೊಂಡು, ಒಂದು ಬಟ್ಟಲು ಚಹಾಕ್ಕೇ ಎದ್ದು ಹೋಗಿದ್ದರು. ಇವನು ಬಾಗಿಲಲ್ಲಿ ನಿಂತು ನಮ್ಮ ಮಾತಿನಲ್ಲೇ ಒಳಗೆ ಬರಲಾ ಎಂದು ಕೇಳಿದ. ಎರಡು ಚಳಿಗಾಲ ಪುಸ್ತಕ ಇಟ್ಟುಕೊಂಡು ಕಲಿತದ್ದಂತೆ. ತಪ್ಪುತಪ್ಪಾಗಿ, ಆದರೆ ನಮ್ಮ ಮಾತು! ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಮಾಡದ್ದನ್ನು ಈ ಉದ್ದ ಕತ್ತಿನವನು ಮಾಡಿದ್ದ. ಮೂರನೆಯ ಸಲ ಬಂದಾಗ ಊರ ಹುಡುಗರು ಕರೆಯುವ ಹಾಗೆ ಚಿಕ್ಕಮ್ಮ ಎಂದ. ಗೆಸೀನಾ ಅವತ್ತು ಹುರುಳಿಹಿಟ್ಟಿನಂಥ ಕಪ್ಪು ಬಕ್‌ವ್ಹೀಟ್ ಹಿಟ್ಟಿನ ದೋಸೆ ಹೊಯ್ದು, ಮೇಲೆ ಹಂದಿಯ ಕೊಬ್ಬಿನ ತುಂಡು ಇಟ್ಟು ತಿನ್ನಿಸಿದಳು.

ಅವನ ಕೆಲಸ ಹೋಲಿಸುವುದು. ನಲವತ್ತು ವಾಕ್ಯಗಳ ಪಟ್ಟಿ ತಂದಿದ್ದ. ಅಜ್ಜಿ ಕೋಳಿಗೆ ಕಾಳು ಹಾಕಿದಳು, ನಾಳೆ ಹಿಮ ಬಿದ್ದರೆ ಗಾಡಿ ಹೋಗುವುದಿಲ್ಲ, ಇಂಥವು. ಅವನು ಜರ್ಮನ್ನಿನಲ್ಲಿ ಓದಬೇಕು, ಅವಳು ತನ್ನ ಮಾತಿನಲ್ಲಿ ಹೇಳಬೇಕು. ಅದೇ ನಲವತ್ತನ್ನು ಮೂರೂ ಊರಲ್ಲಿ, ಉತ್ತರದ ದ್ವೀಪಗಳಲ್ಲಿ, ಹಾಲೆಂಡ್ ಕಡೆಯ ನೆಂಟಭಾಷೆಯವರಲ್ಲಿ ಕೇಳಿ ಪಕ್ಕಪಕ್ಕ ಇಟ್ಟು ನೋಡುತ್ತಿದ್ದ. ಜರ್ಮನರು ಗಿಣ್ಣಿಗೆ ಕೇಸೆ ಅಂದರೆ ನಾವು ಸೀಸ್ ಅನ್ನುತ್ತೇವೆ, ಇಂಗ್ಲಿಷರು ಚೀಸ್ ಅನ್ನುತ್ತಾರೆ. ಜರ್ಮನರಿಗೆ ಅದು ಕಿರ್ಖೆ, ನಮಗೆ ಸೇರ್ಕೆ, ಇಂಗ್ಲಿಷರಿಗೆ ಚರ್ಚ್. ಇದನ್ನು ಅವನು ವಿವರಿಸಿದ ದಿನ ಗೆಸೀನಾ ಚಹಾ ಬಟ್ಟಲು ಕೆಳಗಿಟ್ಟಳು. ದಡ್ಡರ ಮಾತು ಎಂದು ಮೇಷ್ಟ್ರು ಬೈದದ್ದಕ್ಕೆ ಇಷ್ಟು ದೊಡ್ಡ ಬಳಗವೇ ಎಂದು ಅವಳಿಗೆ ಬೆರಗು. ಅದನ್ನು ತೋರಿಸಿಕೊಳ್ಳುವವಳಲ್ಲ.

"ಹಾಗಾದ್ರೆ ಇಂಗ್ಲಿಷರು ನಮ್ಗೆ ದಾಯಾದಿಗಳು ಅನ್ನಿ," ಎಂದಳು. "ಅದಕ್ಕೇ ಬಾಂಬ್ ಹಾಕಿದ್ದು."

ಅವನು ನಕ್ಕು ನಕ್ಕು ಅದನ್ನೂ ಬರೆದುಕೊಂಡ. ಅವನು ಏನನ್ನೂ ಬಿಡುತ್ತಿರಲಿಲ್ಲ.

ಹೋಲಿಸಲು ಅವನಿಗೆ ಇನ್ನೊಂದು ದಾರಿ ಇತ್ತು. ಒಂದು ಊರಿನವರ ಟೇಪನ್ನು ಇನ್ನೊಂದು ಊರಿನವರಿಗೆ ಕೇಳಿಸುವುದು. ಒಂದು ವಾಕ್ಯ ಹಾಕಿ, ನಿಲ್ಲಿಸಿ, ಇದನ್ನು ನಿಮ್ಮ ಊರಲ್ಲಿ ಹೇಗೆ ಹೇಳುತ್ತೀರಿ ಎಂದು ಕೇಳುವುದು. ಜೂನ್‌ನಲ್ಲಿ ಒಂದು ದಿನ ಗೆಸೀನಾಳಿಗೆ ಪಕ್ಕದ ರೋಮೆಲ್ಸೆ ಊರಿನ ಒಬ್ಬ ಮುದುಕ ಹಾವುಮೀನು ಹಿಡಿದ ಕತೆ ಹೇಳುವ ಟೇಪ್ ಹಾಕಿದ. ಹೆಸರು ಹೇಳಲಿಲ್ಲ, ಹೇಳುವಂತಿಲ್ಲ, ನಿಯಮ. ಒಂದೂವರೆ ವಾಕ್ಯವಾಗಿರಲಿಲ್ಲ, ಗೆಸೀನಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಇವನು ಟೋಲೆ, ಹಳೇ ದೋಣಿಯವನು, ಮೂಗು ಯಾವಾಗಲೂ ಕಟ್ಟಿರುತ್ತೆ, ಆ ಮೀನು ಅವನು ಹಿಡಿದದ್ದಲ್ಲ, ಭಾವನ ಬುಟ್ಟಿಯಿಂದ ಎತ್ತಿದ್ದು ಎಂದು ಊರಿಗೇ ಗೊತ್ತು ಎಂದಳು. ಆಮೇಲೆ ಟೋಲೆಯ ಹಾಗೆಯೇ ಮೂಗಿನಲ್ಲಿ ಮಾತಾಡಿ ತೋರಿಸಿದಳು. ಡಾಕ್ಟರನೂ ನಕ್ಕ.

ಆಗಲೇ ಅವಳಿಗೆ ಹೊಳೆಯಬೇಕಿತ್ತು. ಅವನ ಯಂತ್ರದಲ್ಲಿ ಹೆಸರಿಲ್ಲದ ದನಿ ಎಂಬುದೇ ಇಲ್ಲ, ಆ ಮಾತು ಅರ್ಥವಾಗುವ ಪ್ರತಿಯೊಬ್ಬರಿಗೂ ಆಡಿದವರು ಯಾರೆಂದು ಗೊತ್ತು, ಗೊತ್ತಿಲ್ಲದವರಿಗೆ ಮಾತೇ ಅರ್ಥವಾಗುವುದಿಲ್ಲ. ಇಷ್ಟು ಸರಳ ಲೆಕ್ಕ ಪದವಿಗಳ ಮೇಲೆ ಪದವಿ ಪಡೆದವನಿಗೂ ಹೊಳೆಯಲಿಲ್ಲ, ದಿಣ್ಣೆಯ ಮೇಲೇ ಹುಟ್ಟಿದವಳಿಗೂ ಹೊಳೆಯಲಿಲ್ಲ. ಇನ್ನೊಬ್ಬರ ದನಿ ಪೆಟ್ಟಿಗೆಯಿಂದ ಬಂದರೆ ನಗು, ನಮ್ಮದು ಬಂದಾಗ ತಾನೇ ಉರಿ.

ಅಕ್ಟೋಬರಿನಲ್ಲಿ ಅವನು ಪಟ್ಟಿ ಪಕ್ಕಕ್ಕಿಟ್ಟ. ವಾಕ್ಯಗಳು ಸಾಕು, ಈಗ ಬರೀ ಮಾತಾಡಿ, ಏನಾದರೂ ಹೇಳಿ, ನೆರೆಹೊರೆಯ ಕಟ್ಟಳೆ ಹೇಳಿ ಎಂದ. ಆಲ್ಹೈಡ್ ಆ ವಾರ ಮಗಳ ಮನೆಗೆ ಹೋಗಿದ್ದಳು, ನಾಲ್ಕು ಗಂಟೆಯ ಚಹಾಕ್ಕೆ ಎದುರಿಗೆ ಕೂತವನು ಇವನೇ. ಗೆಸೀನಾ ಕಮಾನಿನ ವಿಷಯ ಹೇಳಿದಳು, ಹೆರಿಗೆಯ ವಿಷಯ ಹೇಳಿದಳು, ಹೆಣ ತೊಳೆಯುವುದಕ್ಕೆ ಬಂದಳು. ಬಂದು ನಿಂತಳು. ಅವನು ಮುಂದೆ ಏನು ಎಂದು ಕೇಳಲಿಲ್ಲ, ಸುಮ್ಮನೆ ಕಾದ. ಕಾಯುವುದನ್ನೂ ಅವರಿಗೆ ಕಲಿಸುತ್ತಾರಂತೆ.

"ಒಂದ್ಸಲ ನಾನೊಬ್ಳೇ ಇದ್ದೆ," ಎಂದಳು. "ಅತ್ತೆ ನೀರು ಕಾಯ್ಸೋಕೆ ಒಲೆ ಹತ್ರ ಹೋಗಿದ್ರು. ಕಾಲುವೆಯಿಂದ ತಂದಿದ್ರು ಅವ್ಳನ್ನ. ಮಂಜಲ್ಲಿ ಹಲಗೆ ಮೇಲಿಂದ ಕಾಲು ಜಾರಿರ್ಬೇಕು ಅಂತ ಗಂಡಸ್ರು ಮಾತಾಡ್ಕೊಂಡ್ರು. ಹಸಿರು ಏಪ್ರನ್ನು, ಒದ್ದೆಯಾಗಿ ಮೈಗೆ ಅಂಟ್ಕೊಂಡಿತ್ತು. ಬಿಚ್ಚೋಣ ಅಂತ ಎಳೀತೀನಿ, ಬರ್ತಾನೇ ಇಲ್ಲ. ಜೇಬಲ್ಲಿ ಕೈ ಹಾಕಿದ್ರೆ ತಣ್ಣಗೆ ಕಬ್ಬಿಣ. ಈ ಕಡೆ ಒಂದು, ಆ ಕಡೆ ಒಂದು. ತಿರುಗಿ ಗೋಡೆ ಗಡಿಯಾರ ನೋಡ್ದೆ. ಬರೀ ಸರಪಳಿ ನೇತಾಡ್ತಿತ್ತು, ಕೆಳಗೆ ಗಡಿಯಾರ ಓಡ್ಸೋ ತೂಕದ ಗುಂಡೇ ಇರ್ಲಿಲ್ಲ. ಗಡಿಯಾರ ನಿಂತಿತ್ತು ಡಾಕ್ಟ್ರೇ, ಯಾರೂ ನಿಲ್ಸಿರ್ಲಿಲ್ಲ. ಸಾವಿನ ಮನೇಲಿ ಗಡಿಯಾರ ನಿಂತಿದ್ರೆ ಯಾರು ಕೇಳ್ತಾರೆ? ನಾನು ನಿಲ್ಸಿದೀನಿ ಅಂತ ಅವ್ರು, ಅವ್ರು ನಿಲ್ಸಿದಾರೆ ಅಂತ ಇವ್ರು."

ಟೇಪು ತಿರುಗುತ್ತಿತ್ತು.

"ಎರಡನ್ನೂ ನನ್ನ ಏಪ್ರನ್ನಲ್ಲಿ ಒರೆಸಿ ಸರಪಳಿಗೆ ವಾಪಸ್ ಹಾಕ್ದೆ. ತಾನಾಗೇ ಬಿದ್ದಿದ್ದು ಅಂತ ಪಾದ್ರಿಗೆ ಗೊತ್ತಾಗಿದ್ರೆ ಚರ್ಚಿನ ಅಂಗಳದಲ್ಲಿ ಮಣ್ಣು ಸಿಗ್ತಿರ್ಲಿಲ್ಲ, ಬೇಲಿ ಆಚೆ ಹೂಳ್ತಿದ್ರು. ಅವಳ ಇಬ್ರು ಗಂಡುಮಕ್ಕಳನ್ನ ಯುದ್ಧ ತಿಂದಿತ್ತು, ಎರಡನೇವ್ನು ಸತ್ತ ಸುದ್ದಿ ಮೂರು ವರ್ಷ ತಡವಾಗಿ ಬಂತು ನೋಡಿ, ಅದೇ ವಾರ. ಮಣ್ಣು ಮಾಡಿ ಬಂದು ಅವಳ ಮಗಳೇ ಗಡಿಯಾರ ಮತ್ತೆ ಶುರು ಮಾಡಿದ್ಲು. ಇವತ್ತಿಗೂ ದಿನಾ ಆ ಗುಂಡು ಮೇಲೆ ಎಳೀತಾಳೆ. ನನ್ನ ಕಣ್ಮುಂದೇನೇ ಎಳೀತಾಳೆ. ನಾನು ಚಹಾ ಕುಡೀತಾ ಕೂತಿರ್ತೀನಿ."

ಹೆಸರು ಹೇಳಲಿಲ್ಲ. ಹೆಸರು ಹೇಳಿಲ್ಲ ಎಂಬುದನ್ನೇ ಅವಳು ಆಮೇಲೆ ಎಷ್ಟೋ ತಿಂಗಳು ಹಿಡಿದುಕೊಂಡು ನೇತಾಡಿದಳು. ಅವತ್ತಂತೂ ಹೇಳಿ ಮುಗಿಸಿದ ಮೇಲೆ ಎದೆ ಹಗುರವಾಗಿ, ಅಳು ಬಂದು, ಮೂಗು ಒರೆಸಿಕೊಂಡಳು. ಗಂಡನಿಗೆ ಹೇಳಿರಲಿಲ್ಲ, ಪಾದ್ರಿಗೆ ಹೇಳಿರಲಿಲ್ಲ. ಜರ್ಮನ್ನಿನಲ್ಲಿ ಅವಳಿಗೆ ಅದನ್ನು ಹೇಳಲು ಬರುತ್ತಿರಲಿಲ್ಲ, ಸೇಲ್ಟರ್ ಮಾತಿನಲ್ಲಿ ಹೇಳಲು ಇದ್ದವಳು ಸತ್ತವಳ ಮಗಳು.

"ಇದು ಈ ಅಡುಗೆಮನೆ ಬಿಟ್ಟು ಹೋಗ್ಬಾರ್ದು," ಎಂದಳು.

"ಚಿಕ್ಕಮ್ಮ, ಇದನ್ನ ಕೇಳೋರು ನಮ್ಮಲ್ಲಿ ನಾಲ್ಕು ಜನ. ಅವ್ರೂ ಅರ್ಥ ಕೇಳಲ್ಲ, ಉಚ್ಚಾರ ಕೇಳ್ತಾರೆ. ನಿಮ್ಮ ಹೆಸ್ರು ಎಲ್ಲೂ ಇರಲ್ಲ. ಮಾತುಗಾರ್ತಿ ನಾಲ್ಕು ಅಂತಷ್ಟೇ. ನನ್ನ ಮಾತು ನಂಬಿ."

ನಂಬಿದಳು. ಅವನ ಕೈ ಮೇಲೆ ಕೈ ಇಟ್ಟು ನಂಬಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಮಾತು ಹೋಗಲೂ ಇಲ್ಲ, ಕಂದು ಬಣ್ಣದ ಪಟ್ಟಿಗೆ ಅಂಟಿಕೊಂಡು ಕೂತಿತು.

ಆ ಚಳಿಗಾಲ ಅವನು ದಕ್ಷಿಣದ ತನ್ನ ಕೋಣೆಯಲ್ಲಿ ಎಲ್ಲ ಟೇಪುಗಳನ್ನೂ ಕೇಳಿದನಂತೆ. ಅಷ್ಟರಲ್ಲೂ ಇದೇ ಒಳ್ಳೆಯದು ಎನಿಸಿತಂತೆ. ನಾಯಿ ಬೊಗಳಿಲ್ಲ, ಚಮಚ ಬಡಿದಿಲ್ಲ, ನಗು ಇಲ್ಲ. ಅಷ್ಟು ನಿಧಾನವಾಗಿ, ಅಷ್ಟು ಬಿಡಿಬಿಡಿಯಾಗಿ ಗೆಸೀನಾ ಇನ್ನೆಲ್ಲೂ ಮಾತಾಡಿರಲಿಲ್ಲ. ಅವನಿಗೆ ಬೇಕಾದ ಸ್ವರಗಳೆಲ್ಲ ಆ ಐದು ನಿಮಿಷದಲ್ಲಿ ಸಾಲಾಗಿ ಸಿಕ್ಕವು. ಮಾರ್ಚ್‌ನಲ್ಲಿ ಅದನ್ನೇ ಎತ್ತಿಕೊಂಡು ರೋಮೆಲ್ಸೆಗೆ ಹೋದ. ಅಲ್ಲಿ ಅವನಿಗೆ ಸಿಕ್ಕ ಮಾತುಗಾರ್ತಿ ಎಂಗೆಲ್ ಎಂಬುವಳು. ಆಲ್ಹೈಡಳ ಅಕ್ಕ, ಷೆಡ್ಡೆಲ್‌ನಿಂದ ಮದುವೆಯಾಗಿ ಹೋದವಳು. ಅವನಿಗೆ ಅದು ಗೊತ್ತಿರಲಿಲ್ಲ. ಅವನ ಪ್ರಶ್ನೆಪಟ್ಟಿಯಲ್ಲಿ ತಾಯಿ ಯಾವ ಊರಿನವಳು ಎಂಬ ಕಾಲಂ ಇತ್ತು, ತಾಯಿ ಹೇಗೆ ಸತ್ತಳು ಎಂಬುದು ಇರಲಿಲ್ಲ.

ಎಂಗೆಲ್ ಮನೆಯಲ್ಲಿ ಅವತ್ತು ಗಂಡ ಇದ್ದ, ಹೊಲಿಗೆಗೆ ಬಂದ ಇಬ್ಬರು ನೆರೆಯವರಿದ್ದರು. ಟೇಪು ಶುರುವಾದ ಕೂಡಲೇ, ಓ ಇದು ಹೆಮ್ಕೆನ್ ಗೆಸೀನಾ ಎಂದು ಎಲ್ಲರೂ ನಕ್ಕರಂತೆ. ಅವನು ಒಂದು ವಾಕ್ಯ ಹಾಕುವುದು, ನಿಲ್ಲಿಸುವುದು, ಇದು ನಿಮ್ಮಲ್ಲಿ ಹೇಗೆ ಎಂದು ಕೇಳುವುದು. ಎಂಗೆಲ್ ಹುರುಪಿನಿಂದ ಹೇಳುತ್ತ ಹೋದಳು. ಒದ್ದೆ ಏಪ್ರನ್ನಿನ ವಾಕ್ಯವನ್ನು ರೋಮೆಲ್ಸೆಯ ರೀತಿಯಲ್ಲಿ ಹೇಳಿದಳು. ಜೇಬಿನಲ್ಲಿ ಕೈ ಹಾಕಿದರೆ ತಣ್ಣಗೆ ಕಬ್ಬಿಣ ಎಂಬುದನ್ನೂ ಹೇಳಿದಳು, ಅವನ ಮೈಕಿಗೆ ಹತ್ತಿರವಾಗಿ, ಎರಡು ಸಲ. ಗಡಿಯಾರದ ವಾಕ್ಯ ಬಂದಾಗ ಅವಳ ಬಾಯಿ ನಿಂತಿತು. ಹಸಿರು ಏಪ್ರನ್ನು ಅವಳೇ ಅಮ್ಮನಿಗೆ ಹೊಲಿದು ಕೊಟ್ಟದ್ದು. ಅಮ್ಮ ತೆಕ್ಲಾ ನೀರಿಗೆ ಬಿದ್ದ ದಿನ ಆಲ್ಹೈಡ್ ಷೆಡ್ಡೆಲ್‌ನಲ್ಲಿ ಇರಲಿಲ್ಲ, ಈ ಎಂಗೆಲಳ ಬಾಣಂತನಕ್ಕೆ ಬಂದಿದ್ದಳು. ಡಾಕ್ಟರ್ ಮಾತ್ರ ಪೆನ್ಸಿಲು ಹಿಡಿದು, ಈ ವಾಕ್ಯ ಕಷ್ಟವಾಯಿತೇ, ಇನ್ನೊಂದು ಸಲ ಹಾಕಲೇ ಎಂದು ಕೇಳಿದನಂತೆ.

ಗೆಸೀನಾಳಿಗೆ ಇದೊಂದೂ ತಿಳಿಯದು. ಆ ವಾರ ಆಲ್ಹೈಡ್ ಆರು ದಿನ ಚಹಾಕ್ಕೆ ಬರಲಿಲ್ಲ. ನೆಗಡಿ ಇರಬೇಕು ಎಂದು ಗೆಸೀನಾ ಕೋಳಿ ಸಾರು ಕೊಟ್ಟು ಕಳಿಸಿದಳು. ಸಾರಿನ ಪಾತ್ರೆ ತೊಳೆದು, ಒರೆಸಿ, ಬೇಲಿಯ ಕಂಬದ ಮೇಲೆ ಬೋರಲು ಹಾಕಿ ಇಟ್ಟಿತ್ತು. ಖಾಲಿ ಪಾತ್ರೆ ಹಿಂದಕ್ಕೆ ಕೊಡುವುದು ನಮ್ಮಲ್ಲಿ ಇಲ್ಲ, ಒಂದು ಮೊಟ್ಟೆಯನ್ನಾದರೂ ಇಡುತ್ತಾರೆ. ಗೆಸೀನಾ ಅದನ್ನು ಎತ್ತಿ ಒಳಗೆ ಎರಡು ಸಲ ನೋಡಿದಳು.

ಏಳನೆಯ ದಿನ ನಾಲ್ಕಕ್ಕೆ ಆಲ್ಹೈಡ್ ಬಂದಳು. ಹಿಂದಿನ ಬಾಗಿಲಿಗಲ್ಲ. ಸುತ್ತಿಕೊಂಡು ಬೀದಿಯ ಬಾಗಿಲಿಗೆ ಬಂದು, ಗಂಟೆ ಒತ್ತಿ, ಕಾದು ನಿಂತಳು. ಭಾನುವಾರದ ಕೋಟು ಹಾಕಿದ್ದಳು. ಕೈಯಲ್ಲಿ ಬಿಳಿ ಕರವಸ್ತ್ರದ ಗಂಟು. ಒಳಗೆ ಬಂದು ಅದನ್ನು ಮೇಜಿನ ಮೇಲೆ ಬಿಚ್ಚಿದಳು. ಪೈನ್ ಕಾಯಿಯ ಆಕಾರದ ಎರಡು ಕಬ್ಬಿಣದ ಗುಂಡು. ಇಪ್ಪತ್ತೇಳು ವರ್ಷ ಅವಳ ಕೈ ತಾಗಿ ಒಂದು ಬದಿ ನುಣ್ಣಗಾಗಿತ್ತು.

"ಶ್ರೀಮತಿ ಹೆಮ್ಕೆನ್ ಅವರೇ, ಇವು ನಿಮಗೆ ಸೇರಿದವು. ದಯವಿಟ್ಟು ಇಟ್ಟುಕೊಳ್ಳಿ."

ಜರ್ಮನ್ನಿನಲ್ಲಿ. ಅಂಚೆ ಕಚೇರಿಯಲ್ಲಿ ಆಡುವ, ಪಾದ್ರಿಯ ಎದುರು ಆಡುವ, ಇಸ್ತ್ರಿ ಹಾಕಿದ ಜರ್ಮನ್ನಿನಲ್ಲಿ. ಗೆಸೀನಾಳಿಗೆ ಮೊದಲು ಗುಂಡು ಕಾಣಿಸಲಿಲ್ಲ, ಆ ಭಾಷೆಯೇ ಕೇಳಿಸಿತು. ಇವಳು ತನ್ನ ಜೊತೆ ಒಂದೇ ಒಂದು ಸಲವೂ ಜರ್ಮನ್ ಆಡಿದವಳಲ್ಲ. ಜ್ವರದಲ್ಲೂ ಆಡಿದವಳಲ್ಲ.

"ಆಲ್ಹೈಡ್, ಕೂತ್ಕೋ. ನಿಂಗೆ ಗೊತ್ತಾಗ್ಬಾರ್ದು ಅಂತಾನೇ ಕಣೇ ನಾನು ಇಷ್ಟು ವರ್ಷ..."

"ನನಗೆ ಗೊತ್ತಾಗಬಾರದು ಎಂದು. ರೋಮೆಲ್ಸೆಗೆ ಗೊತ್ತಾಗಬಹುದು." ಆಲ್ಹೈಡ್ ಪದ ಪದವನ್ನೂ ಹುಡುಕಿ ಇಡುತ್ತಿದ್ದಳು, ಅವಳಿಗೂ ಆ ಭಾಷೆ ಹೊಸ ಚಪ್ಪಲಿಯಂತೆ ಕಚ್ಚುತ್ತಿತ್ತು. "ನೀವು ಆ ಮಹನೀಯರಿಗೆ ಹೇಳಿದಿರಿ. ನಮ್ಮ ಭಾಷೆಯಲ್ಲಿ ಹೇಳಿದಿರಿ. ಇನ್ನು ಆ ಭಾಷೆಯನ್ನು ಅವರೊಂದಿಗೇ ಮಾತನಾಡಿ. ನೆರೆಯ ಕರ್ತವ್ಯಗಳಲ್ಲಿ ನಮ್ಮಿಂದ ಯಾವ ಲೋಪವೂ ಆಗುವುದಿಲ್ಲ. ನಮಸ್ಕಾರ."

ಕರವಸ್ತ್ರ ಮಡಚಿ ತೆಗೆದುಕೊಂಡು ಹೋದಳು. ಗುಂಡುಗಳು ಮೇಜಿನ ಮೇಲೆ ಉಳಿದವು.

ಹೊಡೆದಿದ್ದರೆ, ಅತ್ತಿದ್ದರೆ, ಹುಂಜದ ಜಗಳದ ಹಾಗೆ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಗೆಸೀನಾ ತಡೆದುಕೊಳ್ಳುತ್ತಿದ್ದಳು. ಇದಕ್ಕೆ ಅವಳಲ್ಲಿ ಮದ್ದಿರಲಿಲ್ಲ. ದಾರಿಯಲ್ಲಿ ಸಿಕ್ಕರೆ ಆಲ್ಹೈಡ್ ನಿಂತು, ಇಂದು ಹವೆ ಚೆನ್ನಾಗಿದೆಯಲ್ಲವೇ ಎನ್ನುತ್ತಿದ್ದಳು. ಚರ್ಚಿನಿಂದ ಹೊರಬರುವಾಗ ಬಾಗಿಲು ಹಿಡಿದು, ದಯವಿಟ್ಟು ಮೊದಲು ನೀವು ಎನ್ನುತ್ತಿದ್ದಳು. ಹಿಂದೆಯೇ ತಿರುಗಿ ಇನ್ನೊಬ್ಬಳ ಜೊತೆ ನಮ್ಮ ಮಾತಿನಲ್ಲಿ ಕಿಲಕಿಲ ಶುರು. ಊರಿಗೆ ತಿಳಿಯಲು ಎರಡು ವಾರ ಸಾಕಾಯಿತು. ಯಾರೂ ಗೆಸೀನಾಳಿಗೆ ಎದುರು ಮಾತಾಡಲಿಲ್ಲ, ಆದರೆ ಅವಳು ಅಂಗಡಿಗೆ ಕಾಲಿಟ್ಟರೆ ಹೆಂಗಸರಿಗೆ ತಟ್ಟನೆ ಜರ್ಮನ್ ನೆನಪಾಗುತ್ತಿತ್ತು.

ಮೇ ತಿಂಗಳಲ್ಲಿ ಡಾಕ್ಟರ್ ಆಂಬ್ರೋಸ್ ಕೇಕಿನ ಡಬ್ಬಿ ಹಿಡಿದು ಬಂದ. ಮುಖ ಬಾಡಿತ್ತು, ಅಷ್ಟರಮಟ್ಟಿಗೆ ಮನುಷ್ಯ. ಅವನಿಗೆ ರಾತ್ರಿ ನಿದ್ದೆ ಬರುತ್ತಿಲ್ಲವಂತೆ. ಬೇಕೆಂದು ಮಾಡಿದ್ದಲ್ಲವಂತೆ. ಗೆಸೀನಾ ಅವನಿಗೆ ಕೂರಲು ಹೇಳಲಿಲ್ಲ, ಆದರೂ ಕೂತ.

"ನಾನು ಹೆಸ್ರು ಹೇಳ್ಲಿಲ್ಲ ಚಿಕ್ಕಮ್ಮ. ಒಂದು ಕಡೇನೂ ಹೇಳ್ಲಿಲ್ಲ."

"ಟೋಲೆ ಹೆಸ್ರು ಹೇಳಿದ್ಯಾ ನೀನು ನಂಗೆ?" ಎಂದಳು. "ಅರ್ಥ ಆಗ್ದೇ ಇರೋ ಕೋಟಿ ಜನ ಇದ್ರಲ್ಲೋ. ಬರ್ಲಿನ್‌ನಲ್ಲಿ ಹಾಕ್ಬೇಕಿತ್ತು, ಲಂಡನ್‌ನಲ್ಲಿ ಹಾಕ್ಬೇಕಿತ್ತು. ಅರ್ಥ ಆಗೋರು ಎರಡೇ ಸಾವಿರ, ಹುಡುಕಿ ಹುಡುಕಿ ಅವ್ರಿಗೇ ಹಾಕ್ದೆ."

ಆ ಟೇಪನ್ನು ಅಳಿಸು ಎಂದಳು. ಅಳಿಸಲು ಬರುವುದಿಲ್ಲ, ಮೂರು ಪ್ರತಿಯಾಗಿ ದಾಖಲೆ ಕೋಣೆ ಸೇರಿದೆ, ಅದೀಗ ಅವನದೂ ಅಲ್ಲ, ವಿಶ್ವವಿದ್ಯಾಲಯದ್ದು ಎಂದ. ಆಮೇಲೆ, ನಾಚಿಕೆ ಎನ್ನುವುದು ಬೇಡವೇ, ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದ. ಆ ಭಾಗ ಬಿಟ್ಟರೆ ಅವನ ಪ್ರಬಂಧದ ಮೂರನೆಯ ಅಧ್ಯಾಯ ನಿಲ್ಲುವುದಿಲ್ಲವಂತೆ. ಕತೆ ಅಲ್ಲ, ಸ್ವರಗಳು ಮಾತ್ರ, ಬಳಸಿಕೊಳ್ಳಬಹುದೇ ಚಿಕ್ಕಮ್ಮ?

ಗೆಸೀನಾ ಎದ್ದು ಬಾಗಿಲು ತೆರೆದಳು. "ಚಿಕ್ಕಮ್ಮ ಅನ್ಬೇಡ. ಆ ಮಾತು ನಿಂಗೆ ಬಾಯಿಪಾಠ ಬಂದಿರೋದು. ನಿನ್ನ ನಂಬಿ ನಾನು ನನ್ನ ನಂಬಿದೋಳ ಕತ್ತು ಕೊಯ್ದೆ. ಎದ್ದು ಹೋಗು."

ಕೇಕು ಹಂದಿಗೆ ಹೋಯಿತು. ಮರುವರ್ಷ ಅವನ ಪುಸ್ತಕ ಅಂಚೆಯಲ್ಲಿ ಬಂತು, ದಪ್ಪನೆಯದು, ಬಣ್ಣದ ನಕ್ಷೆಗಳು, ದ್ವೀಪಗಳು ನೀಲಿ, ಹಾಲೆಂಡ್ ಕಡೆ ಹಳದಿ, ನಮ್ಮ ಮೂರು ಊರು ಮೂರು ಕೆಂಪು ಚುಕ್ಕಿ. ಗೆಸೀನಾ ಕನ್ನಡಕ ಹಾಕಿಕೊಂಡು ತನ್ನನ್ನು ಹುಡುಕಿದಳು. ಮಾತುಗಾರ್ತಿ ನಾಲ್ಕು, ಹೆಂಗಸು, ಷೆಡ್ಡೆಲ್, ಎಂದಿತ್ತು. ಅದೇ ಸಾಲಿನ ಕೊನೆಗೆ, ಈಕೆಯ ನೆರೆಹೊರೆಯಲ್ಲಿ ಈ ಭಾಷೆ ಇಂದಿಗೂ ದಿನನಿತ್ಯದ ಬಳಕೆಯಲ್ಲಿ ಜೀವಂತವಾಗಿದೆ ಎಂದಿತ್ತು. ಪುಸ್ತಕವನ್ನು ಒಲೆಗೆ ಹಾಕಲು ಹೋಗಿ, ಬೆರೆಂಡ್ ನೋಡುತ್ತಾನೆಂದು ಬೀರುವಿನ ಮೇಲೆ ಎಸೆದಳು. ಎರಡು ಗುಂಡುಗಳು ಮೊದಲೇ ಅಲ್ಲಿದ್ದವು.

ಎಪ್ಪತ್ತೇಳರ ಸೆಪ್ಟೆಂಬರಿನಲ್ಲಿ ಬೆರೆಂಡ್ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕದಲ್ಲೇ ಕುಸಿದು ಬಿದ್ದು ತೀರಿಹೋದ. ಬೆಳಗ್ಗೆ ಹತ್ತು ಗಂಟೆ. ಹಸು ಒಂದೇ ಸಮ ಕೂಗುತ್ತಿತ್ತು. ಗೆಸೀನಾ ಯಾರನ್ನೂ ಕರೆಯಲಿಲ್ಲ, ಕರೆಯಬೇಕಾದ್ದೂ ಇರಲಿಲ್ಲ. ಕಾಲು ಗಂಟೆಯೊಳಗೆ ಆಲ್ಹೈಡ್ ಮತ್ತು ಅವಳ ಗಂಡ ಬೀದಿಯ ಬಾಗಿಲಲ್ಲಿ ನಿಂತಿದ್ದರು. ಆಲ್ಹೈಡ್ ನೇರ ಒಳಗೆ ಬಂದು ಗಡಿಯಾರದ ಲೋಲಕಕ್ಕೆ ಬೆರಳು ತಾಗಿಸಿ ನಿಲ್ಲಿಸಿದಳು. ಕಿಟಕಿ ತೆರೆದಳು. ಒಲೆ ಹೊತ್ತಿಸಿದಳು, ನೀರಿಟ್ಟಳು, ಮೇಣದಬತ್ತಿ ಎಲ್ಲಿದೆ ಎಂದು ಕೇಳದೆ ತೆಗೆದಳು, ಆ ಮನೆಯಲ್ಲಿ ಅವಳಿಗೆ ತಿಳಿಯದ ಗೂಡಿರಲಿಲ್ಲ. ಗಂಡಸರು ಬೆರೆಂಡನನ್ನು ತೊಳೆದರು. ಕಳಚಿದ ಬಟ್ಟೆಯನ್ನು ಆಲ್ಹೈಡ್ ತೆಗೆದುಕೊಂಡು ಒಂದೊಂದಾಗಿ ಒದರಿ ಮಡಚಿದಳು. ಎಲ್ಲವೂ ಕಟ್ಟಳೆಯ ಪ್ರಕಾರ, ಒಂದು ಕೂದಲೆಳೆ ಆಚೀಚೆಯಿಲ್ಲ.

ಗೆಸೀನಾ ಅಡುಗೆಮನೆಯ ಬೆಂಚಿನ ಮೇಲೆ ಕೂತು ಅವಳ ಬೆನ್ನನ್ನು ನೋಡುತ್ತಿದ್ದಳು. ಮೂವತ್ತೈದು ವರ್ಷ ಜೊತೆಗಿದ್ದ ಗಂಡ ಪಕ್ಕದ ಕೋಣೆಯಲ್ಲಿ ತಣ್ಣಗೆ ಮಲಗಿದ್ದ, ಅವಳಿಗೆ ಬೇಕಾಗಿದ್ದುದು ಈ ಬೆನ್ನು ತಿರುಗಿ ಒಂದು ಮಾತಾಡುವುದು. ಹಾಗೆ ಬೇಕೆನಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಕೇಳಿದಳು.

"ಆಲ್ಹೈಡ್, ಒಂದ್ ಮಾತಾಡೇ. ಬೈಯೋದಾದ್ರೆ ಬೈಯೇ. ನಮ್ಮ ಮಾತಲ್ಲಿ ಬೈಯೇ."

ಆಲ್ಹೈಡ್ ತಿರುಗಿದಳು. ಅವಳ ಕಣ್ಣೂ ಕೆಂಪಾಗಿತ್ತು, ಬೆರೆಂಡ್ ಅವಳಿಗೂ ಚಿಕ್ಕಂದಿನಿಂದ ಗೊತ್ತಿದ್ದವನು. ಕೈಯಲ್ಲಿ ಒಂದು ಚಪ್ಪಟೆ ಸಾರಾಯಿ ಬಾಟಲಿ ಇತ್ತು, ಅರ್ಧ ಖಾಲಿ. ಅದನ್ನು ಮೇಜಿನ ಮೇಲೆ, ಅವತ್ತು ಗುಂಡುಗಳನ್ನು ಇಟ್ಟ ಜಾಗದಲ್ಲೇ ಇಟ್ಟಳು.

"ಇದು ನಿಮ್ಮ ಯಜಮಾನರ ಕೋಟಿನ ಒಳಜೇಬಿನಲ್ಲಿತ್ತು," ಎಂದಳು, ಅದೇ ಜರ್ಮನ್ನಿನಲ್ಲಿ. ಒಂದೂವರೆ ವರ್ಷದಲ್ಲಿ ಅದು ಅವಳ ಬಾಯಲ್ಲಿ ಪಳಗಿತ್ತು, ಎಲ್ಲೂ ತಡವರಿಸಲಿಲ್ಲ. "ನಾನು ನೋಡಿಲ್ಲ. ಯಾರಿಗೂ ಹೇಳುವುದೂ ಇಲ್ಲ."

ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು ಸುದ್ದಿ ಹೇಳಲು ಹೊರಟಳು. ತೆರೆದ ಕಿಟಕಿಯಿಂದ ಅವಳ ಹೆಜ್ಜೆ ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತದ್ದು ಕೇಳಿಸಿತು. ಆಮೇಲೆ ಅವಳ ದನಿ, ಒಡೆದು, ಬೆಚ್ಚಗೆ, ನಮ್ಮ ಮಾತಿನಲ್ಲಿ.

"ನಮ್ಮ ಬೆರೆಂಡ್ ಹೋಗ್ಬಿಟ್ಟ ಕಣ್ರೇ. ಗೆಸೀನಾ ಒಬ್ಳೇ ಆಗ್ಬಿಟ್ಲು."

ಗೆಸೀನಾ ಎದ್ದು ಕಿಟಕಿಯ ಹತ್ತಿರ ಹೋದಳು. ಆ ದನಿ ಅದರಾಚೆಯ ಮನೆಗೆ, ಅದರಾಚೆಯ ಮನೆಗೆ ಹೋಗಿ, ತಿರುವಿನಲ್ಲಿ ಕೇಳಿಸದಾಗುವವರೆಗೂ ಅಲ್ಲೇ ನಿಂತಿದ್ದಳು.